ಕಾವೇರಿಯ ಬಿಳಿಮೀನು: ಕನಕಪುರ ಸೀಮೆಯ ಜಲಚರಿತ್ರೆಯ ಒಂದು ಪುಟ

ದೇಶಚರಿತ್ರೆಯ ಅಭ್ಯಾಸದಲ್ಲಿ ನದಿಗಳಿಗೆ ದೊರೆತ ಗಮನವು ಅವುಗಳಲ್ಲಿ ವಾಸಿಸುವ ಜೀವಿಗಳಿಗೆ ದೊರೆತಿಲ್ಲ. ಕನಕಪುರ ತಾಲ್ಲೂಕಿನ ಸಂಗಮದಲ್ಲಿ ಅರ್ಕಾವತಿಯನ್ನು ಕೂಡಿಕೊಂಡು ಮೇಕೆದಾಟಿನತ್ತ ಸಾಗುವ ಕಾವೇರಿಯ ಬಿಳಿಮೀನು, ಎಂದರೆ ಮಹಶೀರ್, ಇಂತಹ ಅಲಕ್ಷಿತ ಜೀವಿಗಳಲ್ಲೊಂದು. ಜೀವಿಯನ್ನು ಸರಿಯಾಗಿ ಗುರುತಿಸದೆ ಕೈಗೊಂಡ ಸಂವರ್ಧನೆಯು ಅದಕ್ಕೇ ಕೇಡನ್ನು ತರಬಲ್ಲುದೆಂಬುದಕ್ಕೆ ಇದರ ಚರಿತ್ರೆಯೇ ನಿದರ್ಶನ.

ಗಾಳದ ಬೇಟೆ ಕನ್ನಡನಾಡಿಗೆ ಹೊಸದಲ್ಲ. ಕಲ್ಯಾಣ ಚಾಲುಕ್ಯರ ದೊರೆ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ರಚಿಸಿದ 'ಮಾನಸೋಲ್ಲಾಸ'ದಲ್ಲಿ ಮತ್ಸ್ಯವಿನೋದಕ್ಕೆ ಪ್ರತ್ಯೇಕ ಸ್ಥಾನವಿದೆ. ದಕ್ಷಿಣ ಕನ್ನಡದಲ್ಲಿ ಅಧಿಕಾರಿಯಾಗಿದ್ದ ಹೆನ್ರಿ ಸಲಿವನ್ ಥಾಮಸನು 1873ರಲ್ಲಿ ಪ್ರಕಟಿಸಿದ 'ದಿ ರಾಡ್ ಇನ್ ಇಂಡಿಯ' ಗ್ರಂಥವು ಮಹಶೀರಿನ ಕೀರ್ತಿಯನ್ನು ಹೊರನಾಡುಗಳಿಗೆ ಹರಡಿತು. 1946ರಲ್ಲಿ ಮೈಸೂರಿನ ವಾನ್ ಇಂಗೆನ್ ಕುಟುಂಬದವರೊಬ್ಬರು ಕಬಿನಿಯಲ್ಲಿ 120 ಪೌಂಡು ತೂಕದ ಮೀನನ್ನು ಹಿಡಿದರು.

ಈ ಕೀರ್ತಿಯ ಜೊತೆಯಲ್ಲಿಯೇ ವಿನಾಶವೂ ನಡೆದಿತ್ತು. ಬಲೆಯಿಂದ ಹಿಡಿದುದಕ್ಕಿಂತ ಸಿಡಿಮದ್ದಿನಿಂದ ಕೊಂದುದು ಹೆಚ್ಚು ಘಾತಕ. ಅದು ಮಾರಾಟಕ್ಕೆ ಬೇಕಾದ ಮೀನನ್ನಲ್ಲದೆ ಮಡುವಿನ ಮರಿಗಳನ್ನೂ ಅಳಿಸುತ್ತದೆ. ಮಹಶೀರು ಮುಗಿಯಿತೆಂಬ ಭಾವನೆ ಬಲಿಯುತ್ತಿದ್ದಾಗ, 1978ರಲ್ಲಿ ಬ್ರಿಟನ್ನಿನ ಗಾಳಗಾರರ ತಂಡವೊಂದು ಕಾವೇರಿಯಲ್ಲಿ ಭಾರಿ ಮೀನುಗಳನ್ನು ಹಿಡಿದು ತೋರಿಸಿತು. ತರುವಾಯ ಭೀಮೇಶ್ವರಿ, ಗಾಲಿಬೋರೆಗಳಲ್ಲಿ ಶಿಬಿರಗಳು ಪ್ರಸಿದ್ಧವಾದವು. ಇಲ್ಲಿ ಹಿಡಿದ ಮೀನನ್ನು ತೂಗಿ ಜೀವಂತವಾಗಿ ನದಿಗೇ ಬಿಡುತ್ತಿದ್ದರು. ಹೀಗೆ ಮೀನನ್ನು ಮಾರದೆ, ಹಿಡಿಯುವ ಅವಕಾಶವನ್ನು ಮಾತ್ರ ಮಾರುವ ಹೊಸ ಬಗೆಯ ವಾಣಿಜ್ಯವೊಂದು ಹುಟ್ಟಿತು. ಸ್ಥಳೀಯರಿಗೆ ಕೂಲಿಯೂ ನದಿಗೆ ಕಾವಲೂ ಅದರಿಂದ ದೊರೆತವು.

ಇದೇ ಕಾಲದಲ್ಲಿ ಮತ್ತೊಂದು ಪ್ರಮಾದ ಸಂಭವಿಸಿತು. ನದಿಯನ್ನು ಸಮೃದ್ಧಗೊಳಿಸುವ ಸದುದ್ದೇಶದಿಂದ, ಲೋಣಾವಳದ ಮರಿಕೇಂದ್ರದಲ್ಲಿ ಬೆಳೆಸಿದ ನೀಲಿ ರೆಕ್ಕೆಯ ಮಹಶೀರನ್ನು ಕಾವೇರಿಗೆ ಬಿಡಲಾಯಿತು. ಇದು 1839ರಲ್ಲಿ ಸೈಕ್ಸನು ಪುಣೆಯ ಪ್ರಾಂತದ ನೀರಿನಿಂದ ವರ್ಣಿಸಿದ ಟಾರ್ ಖುದ್ರೀ ಎಂಬ ಬೇರೆ ಪ್ರಭೇದ. ಗಾಲಿಬೋರೆಯ 1998ರಿಂದ 2012ರವರೆಗಿನ ಗಾಳದ ದಾಖಲೆಗಳನ್ನು ವಿದ್ವಾಂಸರು ಪರಿಶೀಲಿಸಿದಾಗ, ಹೊರಗಿನ ಮೀನು ಹೆಚ್ಚುತ್ತ ಕಾವೇರಿಯ ಸ್ವಂತದ ಗೂನುಬೆನ್ನಿನ, ಕಿತ್ತಳೆ ರೆಕ್ಕೆಯ ಮಹಶೀರು ಕ್ಷೀಣಿಸಿದುದು ಸ್ಪಷ್ಟವಾಯಿತು. ಲೋಕವಿಖ್ಯಾತವಾದ ಈ ಮೀನಿಗೆ ಅಂದಿನವರೆಗೆ ಖಚಿತವಾದ ಶಾಸ್ತ್ರೀಯ ನಾಮವೇ ನಿಂತಿರಲಿಲ್ಲ! ಕೇರಳದ ಪಾಂಬಾರಿನಿಂದ ವರ್ಣಿತವಾಗಿದ್ದ ಟಾರ್ ರೆಮಾದೇವಿಯೇ ಇದೆಂದು 2018ರಲ್ಲಿ ನಿರ್ಣಯವಾಯಿತು. ಆ ವರ್ಷವೇ ಅದು ಅಳಿವಿನ ಅತ್ಯಂತ ಅಪಾಯದಲ್ಲಿರುವ ಜೀವಿಗಳ ಪಟ್ಟಿಯನ್ನು ಸೇರಿತು.

1987ರಲ್ಲಿ ಈ ಪ್ರದೇಶವು ಕಾವೇರಿ ವನ್ಯಧಾಮವಾಯಿತು. 2010ರ ದಶಕದ ಆದಿಯಲ್ಲಿ ಧಾಮದೊಳಗಿನ ಗಾಳದ ಕ್ರೀಡೆ ನಿಂತಿತು. ಕಾನೂನಿನ ದೃಷ್ಟಿಯಿಂದ ಇದು ಸಮರ್ಥನೀಯವೇ ಆದರೂ, ಅದರೊಡನೆ ಶಿಬಿರಗಳ ಕಾವಲೂ ದಾಖಲೆಯೂ ನಿಂತುಹೋದುವೆಂಬುದನ್ನು ಮರೆಯಲಾಗದು. ಮರಿಗಳನ್ನು ಎಷ್ಟು ಬಿಟ್ಟೆವೆಂಬ ಲೆಕ್ಕಕ್ಕಿಂತ ಯಾವ ಮರಿಗಳನ್ನು ಬಿಟ್ಟೆವೆಂಬ ವಿವೇಕವು ಮುಖ್ಯ. ಈ ವಿವೇಕವನ್ನು ಒದಗಿಸುವುದರಲ್ಲಿ ಪ್ರಾಣಿಶಾಸ್ತ್ರಜ್ಞನಿಗಿರುವಷ್ಟೇ ಹೊಣೆ ಇತಿಹಾಸದ ವಿದ್ಯಾರ್ಥಿಗೂ ಇದೆ.