ಕೋಲಿಲ್ಲದ ಮೇಳನಾಯಕ: ಘಟಪ್ರಭಾ ಸೀಮೆಯ ಪಾರಿಜಾತ ಮತ್ತು ಅದರ ಭಾಗವತ

ಘಟಪ್ರಭಾ ನದಿಯ ಸೀಮೆಯಾದ ಗೋಕಾಕ, ಮೂಡಲಗಿ, ಹುಕ್ಕೇರಿ ಭಾಗದ ರಂಗಸಂಗೀತದ ಇತಿಹಾಸದಲ್ಲಿ ಶ್ರೀಕೃಷ್ಣ ಪಾರಿಜಾತಕ್ಕೆ ಇರುವ ಸ್ಥಾನ ಬೇರೆ ಯಾವ ಆಟಕ್ಕೂ ಇಲ್ಲ. ಆ ಪಾರಿಜಾತದೊಳಗೆ ಆಟವನ್ನು ನಡೆಸುವ ಭಾಗವತನಿಗೆ ಇರುವ ಸ್ಥಾನ ಕೃಷ್ಣನಿಗೂ ಇಲ್ಲ. ಪಶ್ಚಿಮದ ಒಪೆರಾ, ಅಂದರೆ ಪಾತ್ರಗಳು ತಮ್ಮ ಮನಸ್ಸಿನಲ್ಲಿರುವುದನ್ನು ಬಹುಮಟ್ಟಿಗೆ ಹಾಡಿಯೇ ಹೇಳುವ ನಾಟಕ, ಕಂಡಕ್ಟರ್ ಎಂಬ ಮೇಳನಾಯಕನ ಕೈಸನ್ನೆಯಲ್ಲಿ ನಡೆಯುತ್ತದೆ. ಕಂಡಕ್ಟರ್ ಎಂದೊಡನೆ ಬಸ್ಸಿನ ಟಿಕೀಟು ನೆನೆಯುವ ನಾಡಿನಲ್ಲಿ ಆ ಹುದ್ದೆಗೆ ಒಪ್ಪುವ ಕನ್ನಡ ಶಬ್ದವೊಂದು ಬೇಕಾದರೆ ಅದು ಭಾಗವತ ಎಂಬುದೇ ಆಗಿದೆ. ಇಬ್ಬರ ಕೆಲಸದಲ್ಲಿ ಹೋಲಿಕೆ ಎಷ್ಟು ದೂರ ಸಾಗುತ್ತದೆ, ಎಲ್ಲಿ ನಿಂತುಬಿಡುತ್ತದೆ ಎಂಬುದರಲ್ಲಿ ಈ ಸೀಮೆಯ ಆಟದ ಸ್ವರೂಪವೂ ತಿಳಿದುಬರುತ್ತದೆ.

ಉತ್ತರ ಕರ್ನಾಟಕದ ಬಯಲಾಟಗಳಲ್ಲಿ ದೊಡ್ಡಾಟ, ಸಣ್ಣಾಟ ಎಂಬ ಎರಡು ಬಗೆಗಳಿವೆ. ಕಿರೀಟ, ಭುಜಕೀರ್ತಿ, ಯುದ್ಧ, ಅಬ್ಬರದ ಕುಣಿತಗಳಿಂದ ಕೂಡಿದ ಪುರಾಣಕಥೆಯ ಆಟ ದೊಡ್ಡಾಟವೆನಿಸಿದರೆ, ಮನೆಮಾತಿಗೆ ಹತ್ತಿರವಾದ ಸಂಭಾಷಣೆ, ಕಡಿಮೆ ಪಾತ್ರಗಳು, ಹಾಡಿಗೆ ಹೆಚ್ಚಿನ ಅವಕಾಶ ಉಳ್ಳದ್ದು ಸಣ್ಣಾಟ. ಪಾರಿಜಾತದ ವಸ್ತು ಪುರಾಣದ್ದಾದರೂ ವಿದ್ವಾಂಸರು ಅದನ್ನು ಸಾಮಾನ್ಯವಾಗಿ ಸಣ್ಣಾಟದ ಸಾಲಿಗೇ ಸೇರಿಸುತ್ತಾರೆ, ಏಕೆಂದರೆ ಅದರಲ್ಲಿ ಕಾದಾಟವೆಂದರೆ ಸವತಿಯರ ಕಾದಾಟ ಮಾತ್ರ. ನಾರದ ತಂದ ಪಾರಿಜಾತದ ಹೂವನ್ನು ಕೃಷ್ಣ ರುಕ್ಮಿಣಿಗೆ ಕೊಡುತ್ತಾನೆ, ಸುದ್ದಿ ಸತ್ಯಭಾಮೆಯ ಕಿವಿಗೆ ಬೀಳುತ್ತದೆ, ಮುನಿದವಳನ್ನು ಒಲಿಸಿಕೊಳ್ಳುವ ಹೊತ್ತಿಗೆ ಬೆಳಗಾಗುತ್ತದೆ. ಇದರ ಮೂಲಕೃತಿಯನ್ನು ರಚಿಸಿದವನು ರಾಯಚೂರು ಸೀಮೆಯ ಅಪರಾಳ ತಮ್ಮಣ್ಣ. ಅದನ್ನು ತಿದ್ದಿ, ಹಾಡುಗಳನ್ನು ಸೇರಿಸಿ, ರಂಗದ ಮೇಲೆ ನಿಲ್ಲುವ ಆಟವನ್ನಾಗಿ ಮಾಡಿದ ಕೀರ್ತಿ, ಹಿಂದೆ ಗೋಕಾಕ ತಾಲ್ಲೂಕಿನಲ್ಲಿದ್ದು ಈಗ ಮೂಡಲಗಿ ಭಾಗಕ್ಕೆ ಸೇರಿರುವ ಕುಲಗೋಡದ ತಮ್ಮಣ್ಣನಿಗೆ ಸಲ್ಲುತ್ತದೆ. ಒಂದೇ ಹೆಸರಿನ ಇಬ್ಬರ ನಡುವೆ ಹಂಚಿಹೋದ ಈ ಕರ್ತೃತ್ವ ಓದುಗರಲ್ಲಿ ಗೊಂದಲ ಹುಟ್ಟಿಸುವುದುಂಟು. ಆದರೆ ಬರೆಯುವುದು ಒಂದು ಕೆಲಸ, ಆಡಿಸುವುದು ಇನ್ನೊಂದು ಕೆಲಸ ಎಂಬುದನ್ನು ಇದಕ್ಕಿಂತ ಸ್ಪಷ್ಟವಾಗಿ ತೋರಿಸುವ ನಿದರ್ಶನ ಸಿಗುವುದು ಕಷ್ಟ.

ಆಡಿಸುವ ಆ ಕೆಲಸವೇ ಭಾಗವತನದು. ಗಣಪತಿಯ ಸ್ತುತಿಯಿಂದ ಮಂಗಳದವರೆಗೆ ಅವನು ರಂಗದ ಮೇಲೇ ಇರುತ್ತಾನೆ. ಪ್ರತಿ ಪಾತ್ರವನ್ನೂ ಮಾತನಾಡಿಸಿ, ಯಾರು, ಎಲ್ಲಿಂದ ಬಂದದ್ದು, ಏನು ಕೆಲಸ ಎಂದು ವಿಚಾರಿಸಿ, ಸಭೆಗೆ ಪರಿಚಯಿಸುತ್ತಾನೆ. ಹಾಡನ್ನು ಎತ್ತಿಕೊಡುತ್ತಾನೆ, ಹಿಮ್ಮೇಳ, ಅಂದರೆ ಹಿಂದೆ ನಿಂತು ಪಲ್ಲವಿ ಹಿಡಿಯುವ ಹಾಡುಗಾರರು ಮತ್ತು ವಾದ್ಯಗಾರರು, ಅವನ ದನಿಯ ಏರಿಳಿತವನ್ನು ಅನುಸರಿಸುತ್ತಾರೆ. ಇಷ್ಟಕ್ಕೇ ನಿಂತಿದ್ದರೆ ಅವನು ಯಕ್ಷಗಾನದ ಭಾಗವತನಿಗೆ ಸಮನಾಗುತ್ತಿದ್ದ. ಪಾರಿಜಾತದಲ್ಲಿ ಅವನು ಕಥೆಯೊಳಕ್ಕೂ ಇಳಿಯುತ್ತಾನೆ: ವೇಷ ಬದಲಿಸದೆಯೇ ಸತ್ಯಭಾಮೆಯ ದೂತಿಯಾಗಿ, ಎಂದರೆ ಸುದ್ದಿ ಒಯ್ದು ತರುವ ಗೆಳತಿಯಾಗಿ, ಒಡತಿಯ ಬಿಂಕವನ್ನು ಕೆಣಕುತ್ತಾನೆ, ಕೃಷ್ಣನೊಡನೆ ವಾದಿಸುತ್ತಾನೆ, ಮರುಕ್ಷಣ ಭಾಗವತನಾಗಿ ಸಭೆಯತ್ತ ತಿರುಗುತ್ತಾನೆ. ಸತ್ಯಭಾಮೆ ಶಾಸ್ತ್ರೀಯ ರಾಗದ ನೆರಳಿನಲ್ಲಿ ತನ್ನ ವಿರಹವನ್ನು ಹಾಡಿ ಮುಗಿಸುತ್ತಲೇ ದೂತಿ ಅದನ್ನು ಗೋಕಾಕ ಸಂತೆಯ ಮಾತಿನಲ್ಲಿ ಬಿಡಿಸಿ ಹೇಳುವಾಗ ಏಳುವ ನಗೆ ಹಾಡಿನ ದುಃಖವನ್ನು ಕೆಡಿಸುವುದಿಲ್ಲ, ಅದನ್ನು ದ್ವಾರಕೆಯಿಂದ ಇಳಿಸಿ ಊರಿನ ಪಡಸಾಲೆಗೆ ತರುತ್ತದೆ. ಹಾಡು ಎಷ್ಟು ಬೆಳೆಯಬೇಕು, ಮಾತು ಎಲ್ಲಿ ತುಂಡಾಗಬೇಕು, ಗೊಲ್ಲತಿಯ ಪ್ರಸಂಗವನ್ನು ಹಿಗ್ಗಿಸಬೇಕೋ, ಕೊರವಂಜಿಯನ್ನು ಬೇಗ ಕರೆಸಬೇಕೋ ಎಂಬುದನ್ನೆಲ್ಲ ಸಭೆಯ ಮುಖ ನೋಡಿ ನಿರ್ಧರಿಸುವವನು ಅವನೇ; ಆ ನಿರ್ಧಾರ ಯಾವ ಕಾಗದದ ಮೇಲೂ ಇರುವುದಿಲ್ಲ.

ಪಶ್ಚಿಮದ ಮೇಳನಾಯಕನ ಹುಟ್ಟೇ ಕಾಗದದೊಡನೆ ಬೆಸೆದುಕೊಂಡಿದೆ. ಇಟಲಿಯಲ್ಲಿ 1600ರ ಸುಮಾರಿಗೆ ಒಪೆರಾ ರೂಪುಗೊಂಡು, 1607ರಲ್ಲಿ ಮಾಂತುವಾ ನಗರದಲ್ಲಿ ಮೊಂತೆವೆರ್ದಿ ಎಂಬ ಸಂಗೀತಕಾರನ ಓರ್ಫೆಯೊ ಪ್ರದರ್ಶನಗೊಂಡ ಕಾಲದಲ್ಲಿ ಮೇಳವನ್ನು ನಡೆಸಲು ಪ್ರತ್ಯೇಕ ವ್ಯಕ್ತಿಯೆಂಬುವನಿರಲಿಲ್ಲ. ವಾದ್ಯ ನುಡಿಸುವವರಲ್ಲೇ ಒಬ್ಬನು ಲಯ ಕಾಯುತ್ತಿದ್ದನು. ಫ್ರಾನ್ಸಿನ ಸಂಗೀತಕಾರ ಲುಲ್ಲಿ ದೊಡ್ಡ ಕೋಲನ್ನು ನೆಲಕ್ಕೆ ಕುಟ್ಟುತ್ತ ತಾಳ ಹಾಕುವಾಗ ಅದು ತನ್ನ ಕಾಲಿಗೇ ಬಡಿದು, ಗಾಯ ಕೊಳೆತು 1687ರಲ್ಲಿ ತೀರಿಕೊಂಡನು. ವಾದ್ಯವೃಂದ ದೊಡ್ಡದಾದಂತೆ, 19ನೆಯ ಶತಮಾನದಲ್ಲಿ, ಸಣ್ಣ ಕೋಲು ಹಿಡಿದು, ಸಭೆಗೆ ಬೆನ್ನು ತಿರುಗಿಸಿ, ಎಲ್ಲ ವಾದ್ಯಗಳ ಸ್ವರಲಿಪಿಯನ್ನೂ ಒಟ್ಟಿಗೆ ಬರೆದ ಹೊತ್ತಿಗೆಯನ್ನು ಎದುರಿಗಿಟ್ಟುಕೊಂಡು ನಿಲ್ಲುವ, ತಾನು ಮಾತ್ರ ಒಂದು ಸದ್ದನ್ನೂ ಹೊರಡಿಸದ ಕಂಡಕ್ಟರ್ ನೆಲೆಗೊಂಡನು.

ಆ ಹೊತ್ತಿಗೆಯ ಬಲವನ್ನು ತಿಳಿಯಲು ಕಂಡಕ್ಟರ್ ಜುಬಿನ್ ಮೆಹ್ತಾ ಅವರ ವೃತ್ತಿಜೀವನ ಸಾಕು. ಬೆಳಗಾವಿ ಜಿಲ್ಲೆಯೂ ಮುಂಬಯಿಯ ಆಡಳಿತಕ್ಕೆ ಒಳಪಟ್ಟಿದ್ದ ಕಾಲದಲ್ಲಿ, 1936ರಲ್ಲಿ, ಮುಂಬಯಿಯ ಪಾರಸಿ ಕುಟುಂಬವೊಂದರಲ್ಲಿ ಹುಟ್ಟಿದ ಅವರು, ಪಿಟೀಲುವಾದಕರಾದ ತಂದೆ ಮೆಹ್ಲಿ ಮೆಹ್ತಾ ಅವರು 1935ರಲ್ಲಿ ಕಟ್ಟಿದ ವಾದ್ಯವೃಂದದ ಸದ್ದಿನಲ್ಲಿ ಬೆಳೆದು, ವಿಯೆನ್ನಾದಲ್ಲಿ ಹಾನ್ಸ್ ಸ್ವರೊವ್‌ಸ್ಕಿಯವರ ಬಳಿ ಕಲಿತು, 1958ರಲ್ಲಿ ಲಿವರ್‌ಪೂಲಿನ ಕಂಡಕ್ಟರ್‌ಗಳ ಸ್ಪರ್ಧೆಯನ್ನು ಗೆದ್ದರು. ಮುಂದೆ ಮಾಂಟ್ರಿಯಲ್, ಲಾಸ್ ಏಂಜಲೀಸ್, 1978ರಿಂದ 1991ರವರೆಗೆ ನ್ಯೂಯಾರ್ಕ್ ನಗರಗಳ ವಾದ್ಯವೃಂದಗಳು, 1998ರಿಂದ 2006ರವರೆಗೆ ಮ್ಯೂನಿಕ್ಕಿನ ಒಪೆರಾ, ದಶಕಗಳ ಕಾಲ ಇಸ್ರೇಲಿನ ವಾದ್ಯವೃಂದ, ಇವೆಲ್ಲವನ್ನೂ ನಡೆಸಿದರು. ಹೋದಲ್ಲೆಲ್ಲ ಅದೇ ಲಿಪಿಯನ್ನು ಓದಬಲ್ಲ ವಾದಕರು ಸಿಗುತ್ತಿದ್ದುದರಿಂದ ಊರೂರಿಗೆ ಮೇಳ ಕಟ್ಟಿಕೊಂಡು ಹೋಗಬೇಕಾದ ಅಗತ್ಯ ಅವರಿಗೆ ಬೀಳಲಿಲ್ಲ. ಭಾಗವತನ ಹೊತ್ತಿಗೆ ಅವನ ನೆನಪು. ಅವನ ಮೇಳ ಅವನೊಡನೆಯೇ ಸಾಗಬೇಕು, ಅವನ ಮಾತಿಗೆ ನಗಬಲ್ಲ ಸಭೆಯೂ ಎದುರಿಗಿರಬೇಕು. ಜಾತ್ರೆಯಿಂದ ಜಾತ್ರೆಗೆ ಸಾಗಿದ ಅವನ ಸಂಚಾರದ ಎಲ್ಲೆಯನ್ನು ಕಲೆಯ ಯೋಗ್ಯತೆ ಎಳೆದದ್ದಲ್ಲ, ಭಾಷೆ ಎಳೆದದ್ದು.

ಈ ಎಲ್ಲೆಯ ಮೇಲೆಯೇ ಮರಾಠಿಯ ಹೊಸ ರಂಗಭೂಮಿ ಹುಟ್ಟಿತು. ಕರ್ನಾಟಕದಿಂದ ಬಂದ ಭಾಗವತ ಮೇಳದ ಆಟವನ್ನು ಸಾಂಗಲಿಯಲ್ಲಿ ಕಂಡ ಪ್ರೇರಣೆಯಿಂದ ವಿಷ್ಣುದಾಸ ಭಾವೆ 1843ರಲ್ಲಿ ಸೀತಾಸ್ವಯಂವರವನ್ನು ಆಡಿಸಿದರು. 1880ರಲ್ಲಿ ಪುಣೆಯಲ್ಲಿ ಸಂಗೀತ ಶಾಕುಂತಲವನ್ನು ರಂಗಕ್ಕೆ ತಂದ ಅಣ್ಣಾಸಾಹೇಬ ಕಿರ್ಲೋಸ್ಕರರು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನವರು. ಮರಾಠಿ ಸಂಗೀತ ನಾಟಕದ ಮಾದರಿಯಲ್ಲಿ ಬೆಳೆದ ಕನ್ನಡದ ಕಂಪನಿ ನಾಟಕಗಳಲ್ಲಿ ಮೇಳ ನಡೆಸುವ ಅಧಿಕಾರ ಭಾಗವತನಿಂದ ಪೇಟಿ ಮಾಸ್ತರನ ಕೈಗೆ ಬಂದಿತು. ಪೇಟಿ ಎಂದರೆ ಹಾರ್ಮೋನಿಯಂ; 1840ರ ದಶಕದಲ್ಲಿ ಪ್ಯಾರಿಸ್ಸಿನಲ್ಲಿ ಹೊರಬಂದ ಈ ವಾದ್ಯ ಅರ್ಧ ಶತಮಾನದೊಳಗೆ ಈ ನಾಡಿನ ರಂಗದ ಒಡೆತನವನ್ನೇ ಹಿಡಿದುಕೊಂಡಿತು. ರಂಗದ ಮುಂದೆ ಕುಳಿತು, ನಟನಿಗೆ ಸ್ವರ ಕೊಟ್ಟು, ತಬಲಾದವನಿಗೆ ಕತ್ತಿನ ಸನ್ನೆ ಮಾಡುವ ಪೇಟಿ ಮಾಸ್ತರನು ಪಶ್ಚಿಮದ ಮೇಳನಾಯಕನಿಗೆ ಹೆಚ್ಚು ಹತ್ತಿರದವನು, ಆದರೆ ಅವನಿಗೆ ಕಥೆಯೊಳಗೆ ಬಾಯಿಲ್ಲ. ಪಾರಿಜಾತವೂ ಪೇಟಿಯನ್ನು ಸ್ವೀಕರಿಸಿತು. ಭಾಗವತನನ್ನು ಮಾತ್ರ ಬಿಟ್ಟುಕೊಡಲಿಲ್ಲ.

ಪಾರಿಜಾತ ಕಂಡ ಇನ್ನೊಂದು ಬದಲಾವಣೆ ಪಾತ್ರಧಾರಿಗಳಲ್ಲಿ: ಕುಲಗೋಡದ ನೆರೆಯ ಕೌಜಲಗಿಯ ನಿಂಗಮ್ಮ 20ನೆಯ ಶತಮಾನದಲ್ಲಿ ಪಾರಿಜಾತದ ಗಾಯಕಿ ನಟಿಯಾಗಿ ಹೆಸರಾದರು. ಹೆಣ್ಣಿನ ಪಾತ್ರಗಳನ್ನು ಗಂಡಸರೇ ಕಟ್ಟುತ್ತಿದ್ದ ಬಯಲಾಟದ ಲೋಕದಲ್ಲಿ ಹೆಣ್ಣೊಬ್ಬಳು ತನ್ನ ಕಂಠದಿಂದ ಆಟದ ನಡುವೆ ನಿಂತದ್ದು ಸಣ್ಣ ಬದಲಾವಣೆಯಲ್ಲ; ಸತ್ಯಭಾಮೆಯ ಮುನಿಸು ಅಲ್ಲಿಯವರೆಗೆ ಗಂಡಸು ಊಹಿಸಿದ ಮುನಿಸಾಗಿತ್ತು.

ಹುಕ್ಕೇರಿ ತಾಲ್ಲೂಕಿನ ಘೋಡಗೇರಿಯಲ್ಲಿ 1937ರಲ್ಲಿ ಹುಟ್ಟಿ, ಗೋಕಾಕದಲ್ಲಿ ಓದಿದ ನಾಟಕಕಾರ ಚಂದ್ರಶೇಖರ ಕಂಬಾರರು ಉತ್ತರ ಕರ್ನಾಟಕದ ಜನಪದ ರಂಗಭೂಮಿಯನ್ನು ಸಂಶೋಧನೆಯ ವಿಷಯವಾಗಿ ಆರಿಸಿಕೊಂಡವರು, ಅಮೆರಿಕದ ಷಿಕಾಗೋ ವಿಶ್ವವಿದ್ಯಾಲಯದಲ್ಲೂ ಕೆಲಕಾಲ ಪಾಠ ಹೇಳಿದವರು. ಅವರ ಜೋಕುಮಾರಸ್ವಾಮಿ ನಾಟಕ 1972ರಲ್ಲಿ ಬಿ.ವಿ. ಕಾರಂತರ ನಿರ್ದೇಶನದಲ್ಲಿ ಬೆಂಗಳೂರಿನ ರಂಗವನ್ನು ಏರಿದಾಗ, ಭಾಗವತನಂತೆಯೇ ಪಾತ್ರಗಳೊಡನೆ ಹರಟುವ ಸೂತ್ರಧಾರ ಮತ್ತು ಅವನ ಮಾತಿಗೆ ದನಿಗೂಡಿಸುವ ಹಿಮ್ಮೇಳ ನಗರದ ಪ್ರೇಕ್ಷಕರಿಗೆ ಹೊಸತಾಗಿ ಕಂಡವು. ಇದೇ ಕಾಲದ ಇನ್ನೊಂದು ಪ್ರಯತ್ನ ಕರಾವಳಿಯದು: ಶಿವರಾಮ ಕಾರಂತರು ಯಕ್ಷಗಾನವನ್ನು ವಿದೇಶಗಳಿಗೆ ಒಯ್ಯಲು ಅದರ ಮಾತನ್ನು ಬಹುಮಟ್ಟಿಗೆ ಕೈಬಿಟ್ಟು, ಕುಣಿತ ಮತ್ತು ಹಾಡನ್ನು ಮಾತ್ರ ಉಳಿಸಿಕೊಂಡ ಬ್ಯಾಲೆಯನ್ನು ರೂಪಿಸಿದರು. ಪಾರಿಜಾತಕ್ಕೆ ಆ ದಾರಿ ಸುಲಭವಲ್ಲ. ಕೃಷ್ಣನ ಹಾಡನ್ನು ಸ್ವರಲಿಪಿಯಲ್ಲಿ ಬರೆದು ಯಾವ ದೇಶಕ್ಕಾದರೂ ಕಳುಹಿಸಬಹುದು. ಸತ್ಯಭಾಮೆಯ ಬಾಗಿಲಲ್ಲಿ ನಿಂತ ದೂತಿ ಅವಳಿಗೆ ಕೊಡುವ ಎದುರುತ್ತರ ಮಾತ್ರ ಕುಲಗೋಡದ ಸುತ್ತಿನ ಕನ್ನಡವನ್ನೇ ಬಯಸುತ್ತದೆ.