ಒಂದು ಲಾಟ್ ಮೆಣಸಿನಕಾಯಿಯ ಬೆನ್ನುಹತ್ತಿ: ಎಂಟರ್‌ಪ್ರೈಸ್ ಆರ್ಕಿಟೆಕ್ಚರ್ ಕಲಿಯುವ ಬಗೆ

ಏನಿದು?

ಸಂಸ್ಥೆಯಲ್ಲಿ ಯಾರು ಯಾವ ಕೆಲಸ ಮಾಡುತ್ತಾರೆ, ಆ ಕೆಲಸಕ್ಕೆ ಯಾವ ಮಾಹಿತಿ ಬೇಕು, ಆ ಮಾಹಿತಿ ಯಾವ ತಂತ್ರಾಂಶದಲ್ಲಿದೆ, ತಂತ್ರಾಂಶ ಯಾವ ಯಂತ್ರದ ಮೇಲೆ ಓಡುತ್ತದೆ? ಈ ನಾಲ್ಕನ್ನೂ ಒಂದೇ ನಕ್ಷೆಯಲ್ಲಿ ಜೋಡಿಸಿ, ಬದಲಾವಣೆ ಬಂದಾಗಲೆಲ್ಲ ಆ ನಕ್ಷೆ ಮುಂದಿಟ್ಟುಕೊಂಡು ತೀರ್ಮಾನಿಸುವ ಶಿಸ್ತಿಗೆ ಎಂಟರ್‌ಪ್ರೈಸ್ ಆರ್ಕಿಟೆಕ್ಚರ್ ಎನ್ನುತ್ತಾರೆ. ಇದು ಬೆಂಗಳೂರಿನ ಐಟಿ ಕಂಪನಿಗಳಿಗೆ ಬಿಟ್ಟ ವಿಷಯ ಎಂದು ಹಲವರು ತಿಳಿದಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಇದನ್ನು ಕಲಿಯಲು ಮೆಣಸಿನಕಾಯಿಗೆ ಹೆಸರಾದ ಬ್ಯಾಡಗಿಯ ಎಪಿಎಂಸಿ ಮಾರುಕಟ್ಟೆಗಿಂತ ಒಳ್ಳೆಯ ಜಾಗ ಸಿಗುವುದು ಕಷ್ಟ.

ಹಿನ್ನೆಲೆ

ಐಬಿಎಂನಲ್ಲಿದ್ದ ಜಾನ್ ಝಾಕ್‌ಮನ್ 1987ರಲ್ಲಿ ಬರೆದ ಲೇಖನದಿಂದ ಈ ಶಾಸ್ತ್ರ ಗಟ್ಟಿಯಾಯಿತು. ಓಪನ್ ಗ್ರೂಪ್ 1995ರಲ್ಲಿ ತಂದ ಟೋಗಾಫ್ ಇಂದು ಹೆಚ್ಚು ಬಳಕೆಯಲ್ಲಿರುವ ಚೌಕಟ್ಟು. ಗುರಿ, ಕೆಲಸದ ಬಗೆ, ಮಾಹಿತಿ ಮತ್ತು ತಂತ್ರಾಂಶ, ಯಂತ್ರ, ಆಮೇಲೆ ಜಾರಿಯ ಯೋಜನೆ ಎಂಬ ಕ್ರಮದಲ್ಲಿ ಅದು ಸಾಗುತ್ತದೆ. ಸರ್ಕಾರಿ ಇಲಾಖೆಗಳಿಗೆಂದೇ ಕೇಂದ್ರ ಎಲೆಕ್ಟ್ರಾನಿಕ್ಸ್ ಮತ್ತು ಮಾಹಿತಿ ತಂತ್ರಜ್ಞಾನ ಸಚಿವಾಲಯ 2018ರಲ್ಲಿ ಇಂಡ್‌ಇಎ ಎಂಬ ಚೌಕಟ್ಟು ಹೊರಡಿಸಿತು. ಪುಸ್ತಕದಲ್ಲಿ ತಿಳಿಯಬೇಕಾದದ್ದು ಮೊದಲಿಗೆ ಇಷ್ಟು ಸಾಕು.

ಲಾಟ್ ನಡೆಯುವ ದಾರಿ

ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿತು. ಖಾರ ಕಡಿಮೆ, ಬಣ್ಣ ಗಾಢ; ಆ ಬಣ್ಣಕ್ಕಾಗಿಯೇ ಕಾಯಿಯ ಸಾರ ತೆಗೆಯುವ ಓಲಿಯೋರೆಸಿನ್ ಕಾರ್ಖಾನೆಗಳು ಇದನ್ನು ಕೊಳ್ಳುತ್ತವೆ. ಸುಗ್ಗಿಯಲ್ಲಿ ಬಳ್ಳಾರಿ, ರಾಯಚೂರು, ಆಂಧ್ರದ ಕರ್ನೂಲು ಕಡೆಯ ಲಾರಿಗಳೂ ಇಲ್ಲಿಗೇ ಬರುತ್ತವೆ. ಇಂಥ ಮಾರುಕಟ್ಟೆಗಳ ವಹಿವಾಟನ್ನು ಕಂಪ್ಯೂಟರಿನಲ್ಲಿ ಒಂದುಗೂಡಿಸಲು ರಾಜ್ಯ ಸರ್ಕಾರ ಮತ್ತು ಎನ್‌ಸಿಡಿಇಎಕ್ಸ್ ಸ್ಪಾಟ್ ಎಕ್ಸ್‌ಚೇಂಜ್ ಸಮಪಾಲಿನಲ್ಲಿ ಕಟ್ಟಿದ ರಾಷ್ಟ್ರೀಯ ಇ-ಮಾರ್ಕೆಟ್ ಸರ್ವಿಸಸ್ ಎಂಬ ಕಂಪನಿ 2014ರಲ್ಲಿ ಏಕೀಕೃತ ಮಾರುಕಟ್ಟೆ ವೇದಿಕೆಯನ್ನು ಶುರು ಮಾಡಿತು. ಕರ್ನಾಟಕದ ಎಪಿಎಂಸಿಗಳು ಒಂದೊಂದಾಗಿ ಅದರೊಳಗೆ ಬಂದವು. ಕೇಂದ್ರದ ಇಂಥದೇ ವೇದಿಕೆ ಇ-ನಾಮ್ ಬಂದದ್ದು ಅದಾದ ಎರಡು ವರ್ಷಕ್ಕೆ, 2016ರಲ್ಲಿ.

ಈಗ ಒಂದೇ ಒಂದು ಲಾಟ್‌ನ ಬೆನ್ನುಹತ್ತಿ ನಡೆಯಿರಿ. ಗೇಟಿನಲ್ಲಿ ರೈತನ ಹೆಸರು, ಚೀಲದ ಲೆಕ್ಕ, ದಲಾಲರ ಅಂಗಡಿ ದಾಖಲಾಗುತ್ತವೆ. ಅಂಗಡಿಯ ಮುಂದೆ ಹಮಾಲರು ಚೀಲ ಇಳಿಸುತ್ತಾರೆ, ಲಾಟ್‌ಗೆ ನಂಬರ್ ಬೀಳುತ್ತದೆ. ಖರೀದಿದಾರ ಬಂದು ಚೀಲದ ಬಾಯಿಗೆ ಕೈ ಹಾಕಿ, ಒಂದು ಹಿಡಿ ಕಾಯಿ ತೆಗೆದು ಸುಕ್ಕು ನೋಡುತ್ತಾನೆ, ಒಂದನ್ನು ಮುರಿಯುತ್ತಾನೆ. ಪಟಕ್ಕನೆ ಮುರಿದರೆ ಒಣಗಿದೆ. ಬಾಗಿದರೆ ತೇವ ಇದೆ. ಚೀಟಿಯಲ್ಲಿ ಲಾಟ್ ನಂಬರ್ ಎದುರು ದರ ಗೀಚಿಕೊಂಡು ಮುಂದಿನ ಅಂಗಡಿಗೆ ಹೋಗುತ್ತಾನೆ. ಆ ದರ ಕಂಪ್ಯೂಟರಿಗೆ ಏರುತ್ತದೆ, ಹೊತ್ತಿಗೆ ಸರಿಯಾಗಿ ಟೆಂಡರ್ ತೆರೆಯುತ್ತದೆ, ಹೆಚ್ಚು ಬರೆದವನ ಹೆಸರು ಬರುತ್ತದೆ. ರೈತ ಒಪ್ಪಿದರೆ ತೂಕ, ಲೆಕ್ಕದ ಪಟ್ಟಿ, ಹಣ. ಒಪ್ಪದಿದ್ದರೆ ಮಾಲು ಇಟ್ಟುಕೊಳ್ಳುವ ಹಕ್ಕು ಅವನಿಗಿದೆ.

ಈ ದಾರಿಯನ್ನು ಒಂದು ಹಾಳೆಯ ಮೇಲೆ ಬರೆದರೆ, ಟೋಗಾಫ್ ಕೆಲಸದ ನಕ್ಷೆ ಎನ್ನುವುದು ತಯಾರಾಗುತ್ತದೆ. ಗಮನಿಸಿ: ಬೆಲೆ ನಿಜವಾಗಿ ಹುಟ್ಟಿದ್ದು ಆ ಮುರಿದ ಕಾಯಿಯಲ್ಲಿ. ಕಂಪ್ಯೂಟರಿಗೆ ಬಂದದ್ದು ಅಂಕಿ ಮಾತ್ರ. ಕಾಯಿ ಕಡ್ಡಿ ತಳಿಯದೋ ಡಬ್ಬಿ ತಳಿಯದೋ, ತೇವ ಎಷ್ಟು, ಬಣ್ಣ ಹೇಗಿದೆ ಎಂಬುದು ಖರೀದಿದಾರನ ತಲೆಯಲ್ಲೇ ಉಳಿದರೆ, ದರ ಯಾಕೆ ಇಷ್ಟೇ ಎಂದು ಕೇಳುವ ರೈತನಿಗೆ ಪರದೆಯಿಂದ ಉತ್ತರ ಸಿಗದು. ನಕ್ಷೆ ಬರೆಯುವವರು ಇಂಥ ಜಾಗಕ್ಕೆ ಕೆಂಪು ಗೆರೆ ಎಳೆಯಬೇಕು.

2024ರ ಮಾರ್ಚ್ 11

ಅಂದು ಸೋಮವಾರ. ದರ ಏಕಾಏಕಿ ಬಿದ್ದಿತೆಂದು ಸಿಟ್ಟಾದ ರೈತರು ಬ್ಯಾಡಗಿ ಎಪಿಎಂಸಿ ಕಚೇರಿಗೆ ನುಗ್ಗಿದರು. ಕಚೇರಿಗೂ ವಾಹನಗಳಿಗೂ ಬೆಂಕಿ ಬಿತ್ತು. ಬೆಲೆ ಬೀಳುವುದಕ್ಕೆ ಮಾರುಕಟ್ಟೆಯ ಕಾರಣಗಳಿರುತ್ತವೆ, ಅದನ್ನು ಯಾವ ನಕ್ಷೆಯೂ ತಡೆಯಲಾರದು. ಆದರೆ ಈ ಘಟನೆಯನ್ನು ನೆನೆದಾಗಲೆಲ್ಲ ಎರಡು ಪ್ರಶ್ನೆ ನನ್ನನ್ನು ಕಾಡುತ್ತವೆ. ಹಿಂದಿನ ಪೇಟೆಯ ದರ, ಆವಕ, ಶೀತಲಗೃಹದ ದಾಸ್ತಾನು ರೈತ ಲಾರಿ ಹತ್ತಿಸುವ ಮೊದಲೇ ಅವನ ಕೈಗೆ ತಲುಪುವ ದಾರಿ ಇದೆಯೇ? ಕಚೇರಿಯ ಕಂಪ್ಯೂಟರ್ ಸುಟ್ಟರೆ ಮರುದಿನ ರೈತನ ಲೆಕ್ಕ ಎಲ್ಲಿಂದ ತೆಗೆಯುವುದು? ಮೊದಲನೆಯದು ಮಾಹಿತಿಯ ಪ್ರಶ್ನೆ, ಎರಡನೆಯದು ಯಂತ್ರದ್ದು. ಎರಡಕ್ಕೂ ಶಾಂತವಾಗಿರುವ ದಿನವೇ ಉತ್ತರ ಬರೆದಿಡಬೇಕು.

ಒಂದು ಹೆಸರಿಗೆ ಒಂದೇ ಅರ್ಥ

ಕಲಿಯುವವರು ಹೆಚ್ಚು ಎಡವುವುದು ಹೆಸರುಗಳಲ್ಲಿ. ಬ್ಯಾಡಗಿಯಲ್ಲಿ ಲಾಟ್ ಎಂದರೆ ಒಬ್ಬನೇ ರೈತನ ಮಾಲು. ಇಪ್ಪತ್ತೈದು ಮೂವತ್ತು ಕಿಲೋಮೀಟರ್ ಆಚೆ, ಹೈಬ್ರಿಡ್ ಬೀಜೋತ್ಪಾದನೆಗೆ ಹೆಸರಾದ ರಾಣೆಬೆನ್ನೂರಿನಲ್ಲಿ ಲಾಟ್ ಎಂದರೆ ಮೊಳಕೆ ಪರೀಕ್ಷೆಗೆ ಹೋಗುವ ಬೀಜದ ಗುಂಪು. ಹಲವು ಹೊಲಗಳ ಬೀಜ ಅದರಲ್ಲಿ ಸೇರಿರಬಹುದು. ಎರಡೂ ಕಡೆ ಒಂದೇ ತಂತ್ರಾಂಶ ಹಾಕಿದರೆ ಲೆಕ್ಕ ಕೆಡುತ್ತದೆ.

'ರೈತ' ಎಂಬ ಮಾತೂ ಹಾಗೆಯೇ. ರೈತರ ನೋಂದಣಿಗೆ ರಾಜ್ಯ ತಂದ ಫ್ರೂಟ್ಸ್ ವ್ಯವಸ್ಥೆ ಭೂಮಿಯ ಪಹಣಿ ಆಧರಿಸಿ ರೈತನಿಗೆ ಎಫ್‌ಐಡಿ ಸಂಖ್ಯೆ ಕೊಡುತ್ತದೆ. ಕರ್ನೂಲಿನಿಂದ ಮಾಲು ತಂದವನಿಗೆ ಕರ್ನಾಟಕದಲ್ಲಿ ಜಮೀನಿಲ್ಲದಿದ್ದರೆ ಆ ಸಂಖ್ಯೆಯ ಆಧಾರದಲ್ಲಿ ಅವನನ್ನು ಗುರುತಿಸಲಾಗದು. ಗೇಟಿನಲ್ಲಿ ಅವನನ್ನು ಏನೆಂದು ಬರೆದುಕೊಳ್ಳಬೇಕು?

ಶುರು ಎಲ್ಲಿಂದ?

ಹಾವೇರಿಯ ಒಂದು ಸಹಕಾರಿ ಸಂಘವಾಗಲಿ, ರಾಣೆಬೆನ್ನೂರಿನ ಬೀಜದ ಗೋದಾಮಾಗಲಿ, ತಂತ್ರಾಂಶದ ಕೊಟೇಶನ್ ತರಿಸುವ ಮೊದಲು ಒಂದು ತಿಂಗಳು ಕೆಲಸ ನೋಡಬೇಕು. ಹಮಾಲರು, ಗುಮಾಸ್ತರು, ದಲಾಲರ ಜೊತೆ ಕೂತು ಒಂದು ವ್ಯವಹಾರವನ್ನು ಮೊದಲಿಂದ ಹಣ ಕೈಸೇರುವವರೆಗೆ ಬರೆಯಬೇಕು. ಈಗಿನ ಸ್ಥಿತಿ ಒಂದು ಹಾಳೆ, ಮುಂದೆ ಬೇಕಾದದ್ದು ಇನ್ನೊಂದು. ಎರಡರ ನಡುವಿನ ಅಂತರವೇ ಯೋಜನೆ. ಬದಲಾವಣೆಗೆ ಸಹಿ ಹಾಕುವ ಸಣ್ಣ ಸಮಿತಿ ಇರಲಿ, ಅದರಲ್ಲಿ ಕಂಪ್ಯೂಟರ್ ಬಲ್ಲವರಿಗಿಂತ ಮಾಲು ಬಲ್ಲವರು ಹೆಚ್ಚಿರಲಿ. ಗೋದಾಮಿನ ಆ ಮೊದಲ ಹಾಳೆಯ ಮೇಲ್ಗಡೆ, 'ಲಾಟ್ ಎಂದರೆ ನಮ್ಮಲ್ಲಿ ಏನು' ಎಂಬುದಕ್ಕೆ ಎರಡು ಸಾಲಿನ ಉತ್ತರವನ್ನು ಗುಮಾಸ್ತರ ಕೈಯಲ್ಲೇ ಬರೆಸಬೇಕು.