ಸರಿ, ನಾನು ಹೇಳಿದ ಹಾಗೆ ಮಾಡು!

ಕಂಪ್ಯೂಟರಿಗೆ ನಾನು ಇದುವರೆಗೆ ಕೊಟ್ಟ ಆಜ್ಞೆಗಳಲ್ಲೆಲ್ಲ ತುಂಬಾ ದುಬಾರಿಯಾದದ್ದು ಐದೇ ಪದಗಳದ್ದು. 'ಯೆಸ್, ಡೂ ಆಸ್ ಐ ಸೇ!' ಅಂದರೆ 'ಸರಿ, ನಾನು ಹೇಳಿದ ಹಾಗೆ ಮಾಡು!' ಕೊನೆಯ ಆಶ್ಚರ್ಯಸೂಚಕವನ್ನೂ ಬಿಡದೆ ಟೈಪಿಸಿದ್ದೆ. ಅದು ಹೇಳಿದ ಹಾಗೇ ಮಾಡಿತು. ತಪ್ಪು ಅದರದ್ದಲ್ಲ :-)

2008ರ ಒಂದು ಭಾನುವಾರ ಅದು. ಆಗಷ್ಟೇ ಮೇಷ್ಟ್ರ ಕೆಲಸದಿಂದ ನಿವೃತ್ತರಾಗಿದ್ದ ಅಪ್ಪ ಮನೆಯ ಲಿನಕ್ಸ್ ಯಂತ್ರದ ಮುಂದೆ ಕೂತು ನಮ್ಮೂರ ಕೆರೆಯ ಚರಿತ್ರೆ ಬರೆಯುತ್ತಿದ್ದರು. ಒಂದೊಂದೇ ಬೆರಳಲ್ಲಿ ಕುಟ್ಟಿ ಕುಟ್ಟಿ ನಲವತ್ತು ಪುಟ ಆಗಿತ್ತು. "ಒತ್ತಕ್ಷರ ಸರಿಯಾಗಿ ಕೂರ್ತಿಲ್ಲ ಕಣೋ, ಸ್ವಲ್ಪ ನೋಡು" ಅಂದರು. ಅಕ್ಷರ ಜೋಡಿಸುವ ಲೈಬ್ರರಿಯ ಹೊಸ ಆವೃತ್ತಿ ಹಾಕಿದರೆ ಸರಿಹೋದೀತು ಅಂತ ನನಗೆ ಅನ್ನಿಸಿತು. ನಮ್ಮ ಯಂತ್ರದಲ್ಲಿದ್ದದ್ದು ಸ್ಥಿರ ಆವೃತ್ತಿ. ಹೊಸ ಲೈಬ್ರರಿ ಇದ್ದದ್ದು ಇನ್ನೂ ಪರೀಕ್ಷೆಯಲ್ಲಿದ್ದ ಭಂಡಾರದಲ್ಲಿ. ಸೋರ್ಸಸ್ ಲಿಸ್ಟ್ ಅನ್ನುವ ಕಡತಕ್ಕೆ ಆ ಭಂಡಾರದ ವಿಳಾಸ ಒಂದು ಸಾಲು ಸೇರಿಸಿ ಆಪ್ಟ್-ಗೆಟ್ ಓಡಿಸಿದೆ.

ಪರದೆಯ ಮೇಲೆ ಉದ್ದದ ಪಟ್ಟಿ ಬಂತು. ಹೊಸದಾಗಿ ಬರುವವು ಇಷ್ಟು, ತೆಗೆದುಹಾಕುವವು ಇಷ್ಟು ಅಂತ. ಜೊತೆಗೆ ಒಂದು ಎಚ್ಚರಿಕೆ, ಮುಂದುವರಿಯಬೇಕಾದರೆ ಆ ಐದು ಪದ ಟೈಪಿಸಿ ಅನ್ನುವ ಸೂಚನೆ. ಪಟ್ಟಿ ನಾನು ಓದಲಿಲ್ಲ. ಕೇಳಿದ್ದನ್ನು ಟೈಪಿಸಿದೆ, ಅಷ್ಟೇ. ಯಂತ್ರ ಮತ್ತೆ ಶುರು ಮಾಡಿದಾಗ ಕಪ್ಪು ಪರದೆಯಲ್ಲಿ 'ಕರ್ನಲ್ ಪ್ಯಾನಿಕ್, ನೋ ಇನಿಟ್ ಫೌಂಡ್' ಅಂತ ಬಂದು ನಿಂತುಬಿಟ್ಟಿತು.

"ನಾನು ಬರೆದಿದ್ದೆಲ್ಲ ಹೋಯ್ತೇನೋ?" ಅಂದರು ಅಪ್ಪ.

"ಇಲ್ಲಪ್ಪ, ಇರುತ್ತೆ" ಅಂದೆ. ನಿಜ ಹೇಳಬೇಕೆಂದರೆ ನನಗೆ ಗೊತ್ತಿರಲಿಲ್ಲ.

ಮುಂದೇನಾಯಿತು ಅಂತ ಆಮೇಲೆ ಹೇಳುತ್ತೇನೆ. ಅದಕ್ಕೂ ಮೊದಲು, ಆ ಐದು ಪದ ಅಲ್ಲಿಗೆ ಬಂದದ್ದು ಹೇಗೆ ಅನ್ನುವ ಕಥೆ ಕೇಳಿ. ಈಚೆಗೆ ಅದನ್ನು ಕೆದಕಿ ನೋಡಿದಾಗ ನಾನು ಅಂದುಕೊಂಡಿದ್ದಕ್ಕಿಂತ ಸ್ವಾರಸ್ಯವಾಗಿ ಕಂಡಿತು.

ಲಿನಕ್ಸಿನ ಮೊದಲ ವರ್ಷಗಳಲ್ಲಿ ತಂತ್ರಾಂಶ ಹಾಕುವುದೆಂದರೆ ಗಂಟು ಬಿಚ್ಚಿ ಸುರಿಯುವುದು. ಟಾರ್ ಕಡತ ಬಿಚ್ಚಬೇಕು, ಕಂಪೈಲ್ ಮಾಡಬೇಕು, 'ಮೇಕ್ ಇನ್‌ಸ್ಟಾಲ್' ಅನ್ನಬೇಕು. ಯಾವ ಕಡತ ಎಲ್ಲಿ ಹೋಗಿ ಕೂತಿತು ಅನ್ನುವುದಕ್ಕೆ ಲೆಕ್ಕ ಇರುತ್ತಿರಲಿಲ್ಲ. ಆಗ ಹೆಸರಾಗಿದ್ದ ಎಸ್‌ಎಲ್‌ಎಸ್ ಅನ್ನುವ ಡಿಸ್ಟ್ರೋ (ಕರ್ನಲ್ ಜೊತೆಗೆ ಬೇಕಾದ ತಂತ್ರಾಂಶವನ್ನೆಲ್ಲ ಸೇರಿಸಿ ಹಂಚುವ ಕಟ್ಟು) ದೋಷಗಳಿಂದ ತುಂಬಿತ್ತು. ಅದರಿಂದ ಬೇಸತ್ತವರಿಂದ 1993ರಲ್ಲಿ ಎರಡು ಹೊಸ ಡಿಸ್ಟ್ರೋಗಳು ಹುಟ್ಟಿದವು. ಒಂದು ಪ್ಯಾಟ್ರಿಕ್ ವೋಲ್ಕರ್ಡಿಂಗ್ ಅವರ ಸ್ಲ್ಯಾಕ್‌ವೇರ್. ಇನ್ನೊಂದನ್ನು ಅಮೆರಿಕದ ವಿದ್ಯಾರ್ಥಿ ಇಯಾನ್ ಮರ್ಡಾಕ್ ಅದೇ ವರ್ಷದ ಆಗಸ್ಟ್ 16ರಂದು ಘೋಷಿಸಿದರು. ಗೆಳತಿ ಡೆಬ್ರಾ ಹೆಸರಿಗೆ ತನ್ನ ಹೆಸರು ಸೇರಿಸಿ ಅದಕ್ಕೆ 'ಡೆಬಿಯನ್' ಅಂತ ಹೆಸರಿಟ್ಟರು.

ಡೆಬಿಯನ್ನಿನಲ್ಲಿ ಲೆಕ್ಕ ಬರೆಯುವ ಗುಮಾಸ್ತನ ಹೆಸರು ಡಿಪಿಕೆಜಿ. 1994ರಲ್ಲಿ ಇಯಾನ್ ಜಾಕ್ಸನ್ ಅದನ್ನು ಸಿ ಭಾಷೆಯಲ್ಲಿ ಹೊಸದಾಗಿ ಬರೆದರು. ಪ್ರತಿ ಪ್ಯಾಕೇಜು 'ನಾನು ಕೆಲಸ ಮಾಡಬೇಕಾದರೆ ಇಂಥಿಂಥವು ಇರಬೇಕು, ಇಂಥದ್ದರ ಜೊತೆ ನನಗೆ ಆಗಿಬರುವುದಿಲ್ಲ' ಅಂತ ಮೊದಲೇ ಬರೆದುಕೊಡಬೇಕು. ಮದುವೆಗೆ ಮುಂಚೆ ಎರಡೂ ಕಡೆಯವರು ಷರತ್ತು ಹೇಳಿಕೊಂಡ ಹಾಗೆ! ಕೆಲವು ಪ್ಯಾಕೇಜುಗಳ ಮೇಲೆ 'ಎಸೆನ್ಷಿಯಲ್' ಎಂಬ ಮುದ್ರೆ. ಅವನ್ನು ಕಿತ್ತರೆ ಮನೆಯ ಕಂಬ ಕಿತ್ತ ಹಾಗೆ. 1995ರಲ್ಲಿ ರೆಡ್ ಹ್ಯಾಟ್‌ನ ಮಾರ್ಕ್ ಯೂಯಿಂಗ್ ಮತ್ತು ಎರಿಕ್ ಟ್ರೋನ್ ಆರ್‌ಪಿಎಂ ಬರೆದರು. ಅಲ್ಲೂ ಹೆಚ್ಚುಕಡಿಮೆ ಇದೇ ಲೆಕ್ಕಾಚಾರ.

ಗುಮಾಸ್ತ ಲೆಕ್ಕ ಬರೆಯುತ್ತಾನೆ, 'ಇದಕ್ಕೆ ಅದು ಬೇಕು' ಅಂತಲೂ ಹೇಳುತ್ತಾನೆ. ಆದರೆ ಅದನ್ನು ತಂದುಕೊಡುವುದಿಲ್ಲ. ನಾವೇ ಹುಡುಕಿ ತಂದರೆ 'ಇದಕ್ಕೆ ಇನ್ನೊಂದು ಬೇಕು' ಅನ್ನುತ್ತಾನೆ. ಈ ಅಲೆದಾಟಕ್ಕೇ 'ಡಿಪೆಂಡೆನ್ಸಿ ಹೆಲ್' ಅನ್ನುವ ಹೆಸರು ಬಂದದ್ದು. 1996ರ ಡೆಬಿಯನ್ 1.1ರಲ್ಲಿ ಇದ್ದದ್ದು 474 ಪ್ಯಾಕೇಜು. 1999ರ ಮಾರ್ಚಿನ 2.1ರ ಹೊತ್ತಿಗೆ ಸುಮಾರು 2250. ಕೈಯಲ್ಲಿ ನಿಭಾಯಿಸುವ ಮಾತೇ ಇಲ್ಲ. ಆ 2.1ರಲ್ಲೇ ಮೊದಲ ಬಾರಿಗೆ ಆಪ್ಟ್ ಬಂತು. ಬೇಕಾದ್ದನ್ನೆಲ್ಲ ತಾನೇ ಪತ್ತೆಹಚ್ಚಿ, ತಂದು, ಸರಿಯಾದ ಕ್ರಮದಲ್ಲಿ ಜೋಡಿಸುವ ತಂತ್ರಾಂಶ. ಶುರುವಿನಲ್ಲಿ ಇದಕ್ಕಿಟ್ಟಿದ್ದ ಹೆಸರು 'ಡೀಟಿ', ಅಂದರೆ ದೇವರು! ಆಮೇಲೆ ಬದಲಾಯಿಸಿದರು.

ಈ ದೇವರು ಬೇಡಿದ್ದನ್ನು ಕೊಡುತ್ತಾನೆ, ನಿಜ. ಆದರೆ ಹೇಗೆ ಕೊಡುತ್ತಾನೆ ಅನ್ನುವುದನ್ನು ತಿಳಿದುಕೊಳ್ಳಬೇಕು. ನೂರಾರು ಷರತ್ತುಗಳನ್ನೆಲ್ಲ ಒಟ್ಟಿಗೆ ತೃಪ್ತಿಪಡಿಸುವ ಜೋಡಣೆಯೊಂದನ್ನು ಅವನು ಹುಡುಕಬೇಕು. 2006ರ ಸುಮಾರಿಗೆ ಯುರೋಪಿನ ಎಡೋಸ್ ಯೋಜನೆಯ ಸಂಶೋಧಕರು ಈ ಲೆಕ್ಕ 'ಎನ್‌ಪಿ-ಕಂಪ್ಲೀಟ್' ವರ್ಗಕ್ಕೆ ಸೇರಿದ್ದು ಅಂತ ಸಾಧಿಸಿ ತೋರಿಸಿದರು. ಎಲ್ಲ ಸಂದರ್ಭಕ್ಕೂ ಬೇಗ ಉತ್ತರ ಕೊಡುವ ವಿಧಾನ ಯಾರಿಗೂ ತಿಳಿದಿಲ್ಲದ ಜಾತಿಯ ಲೆಕ್ಕಗಳು ಅವು. ಆದ್ದರಿಂದ ಆಪ್ಟ್ ಅಂದಾಜಿನ ಸೂತ್ರಗಳನ್ನು ಹಿಡಿದು ಹುಡುಕುತ್ತಿತ್ತು. 'ನೀನು ಕೇಳಿದ ಲೈಬ್ರರಿ ಬರುತ್ತೆ, ಆದರೆ ಯಂತ್ರವನ್ನು ಎಬ್ಬಿಸುವ ಪ್ಯಾಕೇಜು ಹೋಗುತ್ತೆ' ಅನ್ನುವುದೂ ಗಣಿತದ ಪ್ರಕಾರ ಸರಿಯಾದ ಉತ್ತರವೇ! ಅದು ಮನುಷ್ಯನಿಗೆ ಬೇಕಾದ ಉತ್ತರ ಅಲ್ಲ ಅಂತ ಅದಕ್ಕೆ ಗೊತ್ತಾಗುವುದು ಆ ಎಸೆನ್ಷಿಯಲ್ ಮುದ್ರೆಯಿಂದ ಮಾತ್ರ. ಮುದ್ರೆ ಕಂಡರೆ ಅದು ನಿಂತು ಕೇಳುತ್ತಿತ್ತು.

ಏನಂತ ಕೇಳುತ್ತಿತ್ತು? ಸ್ವಾರಸ್ಯ ಇರುವುದು ಇಲ್ಲೇ. 2002ರ ಡೆಬಿಯನ್ 3.0ರ ಕಾಲದಲ್ಲಿ ಟೈಪಿಸಬೇಕಾಗಿದ್ದ ವಾಕ್ಯವೇ ಬೇರೆ. 'ಯೆಸ್, ಐ ಅಂಡರ್‌ಸ್ಟ್ಯಾಂಡ್ ದಿಸ್ ಮೇ ಬಿ ಬ್ಯಾಡ್.' ಹೌದು, ಇದರಿಂದ ಕೆಡುಕಾಗಬಹುದು ಅಂತ ನನಗೆ ಅರ್ಥವಾಗಿದೆ. 2005ರ 3.1ರ ಹೊತ್ತಿಗೆ ಅದು 'ಹೇಳಿದ ಹಾಗೆ ಮಾಡು' ಅಂತ ಆಗಿತ್ತು. ಬೇರೆ ಭಾಷೆಗಳಿಗೂ ಅನುವಾದವಾಯಿತು. ಜರ್ಮನ್ ಭಾಷೆಯಲ್ಲಿ ಯಂತ್ರ ನಡೆಸುವವನು ಜರ್ಮನ್ನಿನಲ್ಲೇ ಟೈಪಿಸಬೇಕು.

ಎರಡೂ ವಾಕ್ಯಗಳನ್ನು ಅಕ್ಕಪಕ್ಕ ಇಟ್ಟು ನೋಡಿ. ಮೊದಲನೆಯದರಲ್ಲಿ ನಾನು ನನ್ನ ತಿಳಿವಳಿಕೆಗೆ ರುಜು ಹಾಕುತ್ತಿದ್ದೇನೆ. ಎರಡನೆಯದರಲ್ಲಿ ದರ್ಪ ಮಾಡುತ್ತಿದ್ದೇನೆ. ಮೊದಲನೆಯದನ್ನು ಟೈಪಿಸುವಾಗ 'ಕೆಡುಕು' ಅನ್ನುವ ಪದ ಬೆರಳ ತುದಿಯಲ್ಲಿ ಹಾದುಹೋಗುತ್ತದೆ. ಒಂದು ಕ್ಷಣವಾದರೂ ಕೈ ತಡೆಯುತ್ತಿತ್ತೇನೋ. ನಾನು ಆವತ್ತು ಅದನ್ನು ಟೈಪಿಸಬೇಕಾಗಿದ್ದರೆ ನಿಲ್ಲುತ್ತಿದ್ದೆನೇ? ಎದೆ ಮುಟ್ಟಿ ಹೇಳಲಾರೆ.

ಇರಲಿ, ಆ ಭಾನುವಾರಕ್ಕೆ ವಾಪಸ್ ಬರೋಣ. ನನ್ನ ಹತ್ತಿರ ನಾಪಿಕ್ಸ್ ಸೀಡಿ ಇತ್ತು. ಡೆಬಿಯನ್ ಆಧರಿಸಿ ಜರ್ಮನಿಯ ಕ್ಲಾಸ್ ನಾಪರ್ 2000ದಲ್ಲಿ ಹೊರತಂದದ್ದು; ಹಾರ್ಡ್ ಡಿಸ್ಕ್ ಮುಟ್ಟದೆ ಸೀಡಿಯಿಂದಲೇ ಲಿನಕ್ಸ್ ಏಳುತ್ತದೆ. ಅದರಿಂದ ಎಬ್ಬಿಸಿ ನಮ್ಮ ಡಿಸ್ಕನ್ನು ಮೌಂಟ್ ಮಾಡಿ, ಮೊದಲು ನೋಡಿದ್ದು ಹೋಮ್ ಡೈರೆಕ್ಟರಿ. ಕೆರೆಯ ಚರಿತ್ರೆ ಇತ್ತು, ನಲವತ್ತು ಪುಟವೂ ಇತ್ತು. ಅಪ್ಪ ಮಾತಾಡಲಿಲ್ಲ, ಒಳಗೆ ಹೋಗಿ ಎರಡು ಲೋಟ ಕಾಫಿ ತಂದರು.

ಆಮೇಲೆ ಸಮಾಧಾನವಾಗಿ ರಿಪೇರಿಗೆ ಕೂತೆ. ಡಿಪಿಕೆಜಿ ಬರೆದಿಟ್ಟ ಲಾಗ್ ತೆರೆದರೆ, ಯಾವ ಪ್ಯಾಕೇಜು ಎಷ್ಟು ಗಂಟೆ ಎಷ್ಟು ನಿಮಿಷಕ್ಕೆ ಹೋಯಿತು ಅಂತ ಸಾಲುಸಾಲಾಗಿ ಇತ್ತು. 'ಸಿಸ್ವಿ-ಇನಿಟ್' ಹೋಗಿತ್ತು. ಯಂತ್ರ ಏಳುವಾಗ ಕರ್ನಲ್ ಮೊದಲು ಓಡಿಸುವ ಪ್ರೋಗ್ರಾಂ ಇರುವುದೇ ಅದರಲ್ಲಿ. ಅದಿಲ್ಲದೆ ಕರ್ನಲ್ ಗಾಬರಿಯಾಗದೆ ಇನ್ನೇನು ಮಾಡೀತು? ಸೀರೂಟ್ ಆಜ್ಞೆ ಕೊಟ್ಟು ಸೀಡಿಯ ಒಳಗಿಂದಲೇ ನಮ್ಮ ಡಿಸ್ಕಿನ ವ್ಯವಸ್ಥೆಯೊಳಗೆ ಹೊಕ್ಕೆ. ನೆಟ್ ಸಿಗಲಿ ಅಂತ ರಿಸಾಲ್ವ್ ಕಾನ್ಫ್ ಕಡತವನ್ನು ನಕಲು ಮಾಡಿಕೊಂಡೆ. ನಾನೇ ಸೇರಿಸಿದ್ದ ಆ ಒಂದು ಸಾಲು ಅಳಿಸಿದೆ. ಪಟ್ಟಿ ಮತ್ತೆ ತರಿಸಿ, ಲಾಗ್ ನೋಡಿಕೊಂಡು ಹೋದವನ್ನು ಒಂದೊಂದಾಗಿ ವಾಪಸ್ ಹಾಕಿದೆ. ರಾತ್ರಿ ಊಟದ ಹೊತ್ತಿಗೆ ಯಂತ್ರ ಎದ್ದಿತು.

ಎದ್ದದ್ದಕ್ಕಿಂತ ಆಶ್ಚರ್ಯವಾದದ್ದು, ನಾನು ಎಂದೋ ಕೈಯಾರೆ ತಿದ್ದಿದ್ದ ಸೆಟ್ಟಿಂಗುಗಳೆಲ್ಲ ಹಾಗೇ ಇದ್ದದ್ದು. ಇದೂ ಗುಮಾಸ್ತನ ಹಳೆಯ ನಿಯಮವೇ. 'ರಿಮೂವ್' ಅಂದರೆ ಪ್ರೋಗ್ರಾಂ ತೆಗೆಯುತ್ತಾನೆ, 'ಇಟಿಸಿ' ಡೈರೆಕ್ಟರಿಯಲ್ಲಿರುವ ಅದರ ಸೆಟ್ಟಿಂಗ್ ಕಡತಗಳನ್ನು ಉಳಿಸುತ್ತಾನೆ. ಅವೂ ಹೋಗಬೇಕಾದರೆ 'ಪರ್ಜ್' ಅಂತ ಬೇರೆಯಾಗಿ ಹೇಳಬೇಕು. ನಾವು ತಿದ್ದಿದ ಸೆಟ್ಟಿಂಗ್ ಕಡತಕ್ಕೆ ಹೊಸ ಆವೃತ್ತಿ ಬಂದರೆ 'ನಿಮ್ಮದನ್ನು ಇಡಲೋ, ಹೊಸದನ್ನು ಹಾಕಲೋ' ಅಂತ ಕೇಳುತ್ತಾನೆ, ಸುಮ್ಮನೆ ಎಂಟರ್ ಒತ್ತಿದರೆ ನಮ್ಮದನ್ನೇ ಇಡುತ್ತಾನೆ. ತಂತ್ರಾಂಶವನ್ನು ಎಲ್ಲಿಂದಲಾದರೂ ಮತ್ತೆ ತರಬಹುದು, ಮನುಷ್ಯ ಕೂತು ಬರೆದದ್ದನ್ನು ತರಲಾಗುವುದಿಲ್ಲ. ಈ ಭೇದ ಅವರಿಗೆ ಅಷ್ಟು ಮುಂಚೆಯೇ ಹೊಳೆದಿತ್ತು.

ಈ ಕಥೆಗೆ ಇನ್ನೂ ಒಂದು ಅಧ್ಯಾಯ ಇದೆ. 2021ರ ನವೆಂಬರಿನಲ್ಲಿ ಯೂಟ್ಯೂಬಿನ ಪ್ರಸಿದ್ಧ ಲೈನಸ್ ಸೆಬಾಸ್ಟಿಯನ್ (ಕರ್ನಲ್ ಬರೆದ ಲೈನಸ್ ಅಲ್ಲ!) ಲಿನಕ್ಸ್ ಬಳಸಿ ನೋಡುವ ಸವಾಲು ಹಾಕಿಕೊಂಡು ಪಾಪ್ ಓಎಸ್ ಹಾಕಿದರು. ಆಟಗಳಿಗೆ ಬೇಕಾದ ಸ್ಟೀಮ್ ಹಾಕಲು ಹೋದರೆ ಪ್ಯಾಕೇಜುಗಳ ಹೊಂದಾಣಿಕೆಯ ದೋಷವೊಂದು ಅಡ್ಡಬಂತು. ಚಿತ್ರಮಯ ಅಂಗಡಿ 'ಆಗುವುದಿಲ್ಲ' ಅಂತ ನಿರಾಕರಿಸಿತು. ಅವರು ಟರ್ಮಿನಲ್ಲಿಗೆ ಹೋಗಿ ಆಪ್ಟ್-ಗೆಟ್ ಓಡಿಸಿದರು. ಅದೇ ಉದ್ದದ ಪಟ್ಟಿ, ಅದೇ ಎಚ್ಚರಿಕೆ, ಅದೇ ಐದು ಪದ. ಟೈಪಿಸಿದರು. ಡೆಸ್ಕ್‌ಟಾಪ್ ಪೂರ್ತಿ ಮಾಯ! ಎಷ್ಟೋ ಲಕ್ಷ ಜನ ಅದನ್ನು ನೋಡಿದರು. 'ಓದದೆ ಟೈಪಿಸಿದ್ದು ಅವನದ್ದೇ ತಪ್ಪು' ಅಂತ ಅರ್ಧ ಜನ, 'ಆಟ ಹಾಕಲು ಹೋದವನಿಗೆ ಮನೆ ಕೆಡವುವ ಅವಕಾಶ ಯಾಕೆ ಕೊಟ್ಟಿರಿ' ಅಂತ ಇನ್ನರ್ಧ ಜನ ಜಗಳಕ್ಕೆ ನಿಂತರು.

ಅದೇ ತಿಂಗಳು ಆಪ್ಟ್ ಬರೆಯುವವರು ಆ ಪ್ರಶ್ನೆಯನ್ನೇ ತೆಗೆದುಹಾಕಿದರು. 2.3.12ನೇ ಆವೃತ್ತಿಯಿಂದ ಆಪ್ಟ್ ಇಂಥ ಪ್ಯಾಕೇಜು ತೆಗೆಯಲು ಒಪ್ಪುವುದಿಲ್ಲ, ದೋಷ ತೋರಿಸಿ ನಿಂತುಬಿಡುತ್ತದೆ. ಬೇಕೇ ಬೇಕು ಅನ್ನುವವರು ಅದಕ್ಕೆಂದೇ ಇರುವ ಉದ್ದದ ಆಯ್ಕೆಯನ್ನು ಆಜ್ಞೆಯ ಜೊತೆ ಮೊದಲೇ ಬರೆದಿರಬೇಕು.

ಮೊದಲಾಗಿದ್ದರೆ ನಾನು 'ಅವನದ್ದೇ ತಪ್ಪು' ಅನ್ನುವವರ ಗುಂಪಿನಲ್ಲಿ ಇರುತ್ತಿದ್ದೆ. ಈಗ ಇಲ್ಲ. ಪಟ್ಟಿ ಓದಬೇಕಾಗಿತ್ತು, ನಿಜ. ಆದರೆ ಕೆಲಸ ಕೆಟ್ಟು ತಲೆ ಬಿಸಿಯಾಗಿರುವವನಿಗೆ ಯಂತ್ರ ತಾನೇ ಪಾಠ ಹೇಳಿಕೊಟ್ಟು ಅದನ್ನೇ ಒಪ್ಪಿಸು ಅಂದರೆ, ಅವನು ಒಪ್ಪಿಸಿಯೇ ಒಪ್ಪಿಸುತ್ತಾನೆ. ಅದನ್ನು ಒಪ್ಪಿಗೆ ಅಂತ ಲೆಕ್ಕ ಹಿಡಿಯುವುದು ಹೇಗೆ? ಯಂತ್ರ ಈಗಲೂ ಹೇಳಿದ ಹಾಗೇ ಮಾಡುತ್ತದೆ, ಆದರೆ ಹೇಳುವ ಮಾತನ್ನು ನಾವೇ ಹುಡುಕಿಕೊಂಡು ಬರಬೇಕು. ಆ ಹುಡುಕಾಟದಲ್ಲಿ ಸ್ವಲ್ಪವಾದರೂ ಓದಿರುತ್ತೇವೆ.

ನನ್ನ ಕಡೆಯಿಂದ ಎರಡೇ ಕಿವಿಮಾತು. ಒಂದು, ಆಪ್ಟ್ ಕೊಡುವ ಪಟ್ಟಿಯಲ್ಲಿ ಬರುವವನ್ನು ಬಿಟ್ಟರೂ ಹೋಗುವವನ್ನು ಮಾತ್ರ ಪೂರ್ತಿ ಓದಿ. ಎರಡು, ಸ್ಥಿರ ಭಂಡಾರಕ್ಕೆ ಪರೀಕ್ಷೆಯ ಭಂಡಾರ ಬೆರೆಸಬೇಡಿ.

ಅಂದಹಾಗೆ, ಆ ಲೈಬ್ರರಿ ಹಾಕಲೇ ಇಲ್ಲ. ಅಪ್ಪ ಒತ್ತಕ್ಷರಗಳನ್ನು ಹಾಗೇ ಸಹಿಸಿಕೊಂಡು ಕೆರೆಯ ಚರಿತ್ರೆ ಮುಗಿಸಿದರು. ಆವತ್ತಿನಿಂದ ಕಂಪ್ಯೂಟರ್ ಪರದೆಯಲ್ಲಿ ಯಾವ ಪ್ರಶ್ನೆ ಬಂದರೂ ಕೀಬೋರ್ಡಿನಿಂದ ಎರಡೂ ಕೈ ಮೇಲೆತ್ತಿ ಕೂಗುತ್ತಿದ್ದರು. "ಇದೇನೋ ಕೇಳ್ತಾ ಇದೆ, ಬಾರೋ. ಮೊದಲು ಓದು, ಆಮೇಲೆ ಒತ್ತು."